‘ಕ್ಲೀನಿಂಗ್’ ಅಂದ್ರೆ ಯಾವ ಕ್ಲೀನಿಂಗ್?

ಇದು ಕೋಲಾರದ ಚಿನ್ನದ ಗಣಿ ಊರಿನ, ಅಂದರೆ ಕೆಜಿಎಫ್‌ನ ಒಂದು ಕುಟುಂಬದ ಪ್ರಕರಣ. ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಮಗನನ್ನು ರವಿ ಎಂದು ಕರೆಯೋಣ. ವಯಸ್ಸು 36.

ರವಿ ಮೊದಲ ಸಲ ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ಹೇಳಿಕೊಂಡಿದ್ದು ನಿದ್ದೆ ಬರುವುದಿಲ್ಲ ಎಂದು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಬೇಕು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಮಗಳು ಎಚ್ಚರವಾಗಿರುವುದನ್ನು ನೋಡೋದು ವಾರದ ರಜೆಯ ದಿನ ಮಾತ್ರ. ಅಷ್ಟು ದಣಿದವರಿಗೆ ನಿದ್ದೆ ಯಾಕೆ ಬರಲ್ಲ ಎಂದು ಕೇಳಿದೆ. ಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಪಾಂಪ್ಲೆಟ್ ತೆಗೆದು ಮೇಜಿನ ಮೇಲಿಟ್ಟರು.

“ಸೈನೈಡ್ ಗುಡ್ಡ ಕ್ಲೀನ್ ಮಾಡೋ ಕೆಲಸಕ್ಕೆ ಟ್ರೇನಿಂಗ್ ಕೊಡ್ತಾರಂತೆ ಮೇಡಂ. ಮೂರು ತಿಂಗಳು. 18,000 ಕಟ್ಟಬೇಕು. ಆಮೇಲೆ ಊರಲ್ಲೇ ಕೆಲಸ ಗ್ಯಾರಂಟಿ ಅಂತಾರೆ. ಅಮ್ಮ ಬೇಡ ಅಂತಿದ್ದಾರೆ. ಎರಡು ವಾರ ಆಯ್ತು, ನನ್ನ ಹತ್ರ ಮಾತಾಡ್ತಿಲ್ಲ. ಊಟ ಮುಚ್ಚಿಟ್ಟು ಮಲಗಿಬಿಡ್ತಾರೆ.”

ಹೊರಗಿನವರಿಗೆ ಈ ಗುಡ್ಡಗಳ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು, ಆಮೇಲೆ ಸರ್ಕಾರ ತೆಗೆಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಹೋಗಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಡೆಯನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದದ್ದನ್ನು ಊರಿನ ಪಕ್ಕದಲ್ಲೇ ಸುರಿದರು. ಅಂಥ 13 ಗುಡ್ಡಗಳಿವೆ. ಮೂರು ಕೋಟಿ ಟನ್‌ಗೂ ಜಾಸ್ತಿ ಮಣ್ಣು. ಹೆಸರು ಸೈನೈಡ್ ಗುಡ್ಡ ಅಂತಿದ್ದರೂ, ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುತ್ತದೆ. ಬಿಳಿಗಲ್ಲಿನ ಆ ನುಣುಪು ಧೂಳು ಮಾತ್ರ ಹಾಗೇ ಇರುತ್ತದೆ. ಗಾಳಿ ಎದ್ದಾಗ ಅದು ನೇರ ಮನೆಯೊಳಗೆ ಬರುತ್ತದೆ.

ಎರಡನೇ ಭೇಟಿಗೆ ಅಮ್ಮನನ್ನು ಕರೆತರಲು ಹೇಳಿದೆ. ಬಂದರು. ಸೀರೆಯ ಸೆರಗಿನ ಗಂಟಿನಲ್ಲಿ ಗಂಡನ ಹಿತ್ತಾಳೆ ಬಿಲ್ಲೆ ಇತ್ತು. ಗಣಿಗೆ ಇಳಿಯುವ ಮುಂಚೆ ಕೊಡುತ್ತಿದ್ದ ನಂಬರ್ ಬಿಲ್ಲೆ. ಉಜ್ಜಿ ಉಜ್ಜಿ ಅಂಚು ಸವೆದಿತ್ತು. ಅವರ ಗಂಡ ತೀರಿಕೊಂಡದ್ದು ಗಣಿ ಮುಚ್ಚಿ ಒಂಬತ್ತು ವರ್ಷದ ಮೇಲೆ, ಶ್ವಾಸಕೋಶದ ಕಾಯಿಲೆಯಿಂದ. ಕೊನೆಯ ಎರಡು ವರ್ಷ ಮಲಗಲು ಆಗದೆ, ಗೋಡೆಗೆ ದಿಂಬು ಕೊಟ್ಟು ಕೂತೇ ರಾತ್ರಿ ಕಳೆಯುತ್ತಿದ್ದರಂತೆ.

“ಅವರ ಎದೆಗೆ ಹೋದ ಧೂಳು ಸಾಕು” ಎಂದರು ಅಮ್ಮ. ಆಷಾಢದ ಗಾಳಿಯಲ್ಲಿ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುವುದು, ಪಾತ್ರೆಗಳನ್ನು ಬೋರಲು ಹಾಕಿಡುವುದು, ಸಂಜೆ ಬಿಂದಿಗೆಯ ಮುಚ್ಚಳದ ಮೇಲೆ ಬೆರಳಿಟ್ಟರೆ ಗೆರೆ ಮೂಡುವುದು, ಎಲ್ಲ ಹೇಳಿದರು. ಧೂಳಿನ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಯಾವ ತರಬೇತುದಾರನಿಗೂ ಗೊತ್ತಿರಲಿಕ್ಕಿಲ್ಲ.

ನಾನು ಇಷ್ಟೇ ಭಯ ಎಂದುಕೊಂಡೆ. ಮಾಸ್ಕ್, ಎಕ್ಸ್‌ರೇ, ಸುರಕ್ಷತೆಯ ಮಾತು ಶುರುಮಾಡಿದೆ. ಅಮ್ಮ ತಲೆಯಾಡಿಸುತ್ತಿದ್ದರು, ಆದರೆ ಮುಖ ಸಡಿಲವಾಗಲಿಲ್ಲ. ಎದ್ದು ಹೊರಡುವಾಗ, ಮಗ ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ತಗ್ಗಿದ ದನಿಯಲ್ಲಿ ಕೇಳಿದರು:

“ಕ್ಲೀನಿಂಗ್ ಅಂದ್ರೆ ಯಾವ ಕ್ಲೀನಿಂಗ್ ಅಮ್ಮ? ಕೊನೆಗೆ ಅದೇ ಅಲ್ವಾ?”

ನನ್ನನ್ನು ಮತ್ತೆ ಕೂರಿಸಿದ್ದು ಆ ಮಾತು. ಗಣಿ ಕಾರ್ಮಿಕರ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ ಬದುಕಿದವರಿಗೆ ಗೊತ್ತು, ಸಾಲು ಕಕ್ಕಸುಗಳನ್ನು ಕೈಯಲ್ಲಿ ಬಳಿಯುತ್ತಿದ್ದವರು ಯಾವ ಜಾತಿಯವರು ಎಂದು. ಗಣಿ ಮುಚ್ಚಿದ ಮೇಲೆ, ಬೇರೆ ಕೆಲಸ ಸಿಗದೆ ಕಕ್ಕಸು ಗುಂಡಿಗೆ ಇಳಿದ ಹುಡುಗರನ್ನು ಈ ತಾಯಿ ಕಣ್ಣಾರೆ ಕಂಡಿದ್ದಾರೆ. ಗಂಡ ಭೂಮಿಯೊಳಗೆ ಇಳಿಯುತ್ತಿದ್ದರೂ ಅದಕ್ಕೆ ಊರಲ್ಲಿ ಮರ್ಯಾದೆ ಇತ್ತು. ಮಗ ‘ಕ್ಲೀನಿಂಗ್’ಗೆ ಹೋದರೆ ಆ ಮರ್ಯಾದೆಯೂ ಹೋಗುತ್ತದೆ ಎಂಬ ಸಂಕಟ ಅದು. ಎರಡು ವಾರದ ಮೌನಕ್ಕೆ ಕಾರಣ ಧೂಳಿಗಿಂತ ಜಾಸ್ತಿ ಇದೇ ಆಗಿತ್ತು. ರವಿಗೆ ಇದು ಹೊಳೆದಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಬೇರೆ: ಅಪ್ಪನನ್ನು ತಿಂದ ಗುಡ್ಡವನ್ನು ನಾನೇ ಕರಗಿಸಬೇಕು.

ಮೂರನೇ ಭೇಟಿಯಲ್ಲಿ ಇಬ್ಬರನ್ನೂ ಎದುರು ಬದುರು ಕೂರಿಸಿ, ಈ ಎರಡು ಮಾತನ್ನೂ ಅವರವರ ಬಾಯಿಂದಲೇ ಹೇಳಿಸಿದೆ. ಅಮ್ಮನ ಮಾತು ಕೇಳಿ ರವಿ ತುಂಬ ಹೊತ್ತು ತಲೆ ಎತ್ತಲಿಲ್ಲ.

ಆಮೇಲೆ ಕೊಟ್ಟ ಸಲಹೆ ಹೀಗಿತ್ತು. ಮೊದಲು, ಆ 18,000 ಕಟ್ಟಬೇಡಿ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು, ನಿಜ. ಆದರೆ ಒಪ್ಪಿಗೆ ಬೇರೆ, ಕೆಲಸ ಶುರುವಾಗಿ ಆಳು ತೆಗೆದುಕೊಳ್ಳುವುದು ಬೇರೆ. ಇನ್ನೂ ಹುಟ್ಟದ ಕೆಲಸಕ್ಕೆ ಗ್ಯಾರಂಟಿ ಕೊಡುವವರನ್ನು ನಂಬಬಾರದು. ಸರ್ಕಾರದ ಕೌಶಲ ಯೋಜನೆಯ ತರಬೇತಿಗೆ ಅಭ್ಯರ್ಥಿ ಶುಲ್ಕ ಕೊಡಬೇಕಿಲ್ಲ. ಹಸಿರು ಕೆಲಸಗಳಿಗೆಂದೇ, ಅಂದರೆ ಪರಿಸರಕ್ಕೆ ಸಂಬಂಧಿಸಿದ ಕೆಲಸಗಳಿಗೆಂದೇ 2015ರಿಂದ ಒಂದು ಕೌಶಲ ಮಂಡಳಿ ಇದೆ. ಯಾರೇ ಸರ್ಟಿಫಿಕೇಟ್ ಕೊಡುತ್ತೇವೆ ಅಂದರೂ, ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ ಎಂದು ಮೊದಲು ಜಿಲ್ಲಾ ಕೌಶಲ ಕಚೇರಿಯಲ್ಲಿ ಕೇಳಿ.

ಒಳ್ಳೆಯ ತರಬೇತಿ ಹೇಗಿರುತ್ತದೆ ಎಂದು ರವಿ ಕೇಳಿದರು. ಅಮೆರಿಕದ ಉದಾಹರಣೆ ಹೇಳಿದೆ. ಅಲ್ಲಿ ಮುಚ್ಚಿದ ಕಾರ್ಖಾನೆಗಳ ಊರಿನವರಿಗೇ ಆ ಜಾಗ ಶುದ್ಧ ಮಾಡುವ ತರಬೇತಿ ಕೊಡುವ ಯೋಜನೆ 1998ರಿಂದ ನಡೆಯುತ್ತಿದೆ. ವಿಷದ ಕಸವಿರುವ ಜಾಗದಲ್ಲಿ ದಿನವೂ ದುಡಿಯುವವರಿಗೆ ಮೊದಲು 40 ಗಂಟೆ ಪಾಠ, ಆಮೇಲೆ ಮೇಲ್ವಿಚಾರಕರ ಜೊತೆ ಮೂರು ದಿನ ಜಾಗದಲ್ಲೇ ಅಭ್ಯಾಸ ಆಗಬೇಕು ಎಂಬ ಕಾನೂನಿದೆ. ಪಾಂಪ್ಲೆಟ್ ಬಿಡಿಸಿ ನೋಡಿದೆವು. ಮೂರು ತಿಂಗಳ ಪಾಠದಲ್ಲಿ ಮಾಸ್ಕ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಧೂಳಿನ ಬಗ್ಗೆ ನೇರವಾಗಿಯೇ ಹೇಳಿದೆ. ಬಿಳಿಗಲ್ಲಿನ ಧೂಳು ಎದೆ ಸೇರಿ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. ಬಂದರೆ ವಾಸಿಯಾಗುವುದಿಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಹೆಚ್ಚಬಹುದು, ಕ್ಷಯ ಅಂಟುವ ಸಾಧ್ಯತೆಯೂ ಜಾಸ್ತಿ. ಕರ್ಚೀಫು, ಬಟ್ಟೆ ಮಾಸ್ಕು ಆ ಧೂಳನ್ನು ತಡೆಯುವುದಿಲ್ಲ. ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಮುಖಕ್ಕೆ ಅಂಟಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಮಣ್ಣಿಗೆ ನೀರು ಹೊಡೆದೇ ಕೆಲಸ ಮಾಡಬೇಕು. ಸೇರುವ ಮುಂಚೆಯೇ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ನಾಳೆ ತೊಂದರೆಯಾದರೆ ಆ ಕಾಗದವೇ ಸಾಕ್ಷಿ. ಬೀಡಿ ಬಿಡಲೇಬೇಕು ಅಂದಾಗ ಅಮ್ಮ ಮೊದಲ ಸಲ ಮಗನ ಕಡೆ ತಿರುಗಿ ನೋಡಿದರು.

ಇನ್ನು ಅಮ್ಮನ ಪ್ರಶ್ನೆ. ಅದನ್ನು ರವಿಯೇ ಎಲ್ಲ ಕಡೆ ಕೇಳಬೇಕು ಎಂದೆ: ಯಾವ ಕ್ಲೀನಿಂಗ್, ಯಾವುದರೊಳಗೆ ಇಳಿಸುತ್ತೀರಿ? ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಟ್ರೇನಿಂಗ್ ಹೆಸರಲ್ಲಿ ಇಳಿಸಿದರೂ ಅಪರಾಧವೇ. ಅಲ್ಲಿಂದ ಎದ್ದು ಬರಬೇಕು, ದೂರು ಕೊಡಬೇಕು.

ಕಲಿಯುವುದಾದರೆ ಗುಡ್ಡ ಒಂದನ್ನೇ ನಂಬಿಕೊಳ್ಳದ ವಿದ್ಯೆ ಕಲಿಯಿರಿ ಎಂದೆ. ರವಿ ಕಾಯುವ ಅಪಾರ್ಟ್‌ಮೆಂಟಿನಲ್ಲೇ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇದೆ. ಪಂಪು, ನೀರಿಗೆ ಗಾಳಿ ಊದುವ ಯಂತ್ರ, ನೀರಿನ ಪರೀಕ್ಷೆ ಗೊತ್ತಿರುವ ಆಪರೇಟರ್‌ಗೆ ಬೆಂಗಳೂರಿನಲ್ಲೂ ಕೆಲಸವಿದೆ, ನಾಳೆ ಗುಡ್ಡದ ಕೆಲಸ ಬಂದರೆ ಅಲ್ಲೂ ಆ ತಿಳಿವಳಿಕೆ ಬೇಕಾಗುತ್ತದೆ. ಎಸ್‌ಟಿಪಿಯಲ್ಲೂ ಟ್ಯಾಂಕಿನೊಳಗೆ ವಿಷದ ಗಾಳಿ ಇರುತ್ತದೆ, ಅಮ್ಮನ ಪ್ರಶ್ನೆ ಅಲ್ಲೂ ಕೇಳಲೇಬೇಕು. ಇನ್ನೊಂದು ಮಾತು ಹೇಳಿದಾಗ ರವಿ ನೆಟ್ಟಗೆ ಕೂತರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರೇ ನಮ್ಮ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಲ್ಲಿ ಯಾರೋ ಕೆಲಸ ಸರಿಯಾಗಿ ಮಾಡದಿದ್ದರೆ ಅದು ನಮ್ಮ ಕೆರೆಗೇ ಬರುತ್ತದೆ. “ಹಾಗಾದ್ರೆ ಅದೂ ನಮ್ಮೂರಿನ ಕೆಲಸಾನೇ” ಎಂದರು.

ಈಗಿನ ಕೆಲಸ ಬಿಡದೆ, ರಜೆಯ ದಿನ ಮತ್ತು ಶಿಫ್ಟ್ ಮುಗಿದ ಮೇಲೆ ಅಲ್ಲಿನ ಆಪರೇಟರ್ ಹತ್ತಿರ ಕಲಿಯಲು ಶುರುಮಾಡಿದ್ದಾರೆ. ಶುಲ್ಕವಿಲ್ಲದ ಒಂದು ತರಬೇತಿಗೆ ಅರ್ಜಿಯನ್ನೂ ಹಾಕಿದ್ದಾರೆ. ರೈಲು ಹಾಗೇ ಇದೆ, ಮಗಳನ್ನು ನೋಡೋದು ಈಗಲೂ ಕಡಿಮೆಯೇ. ಆ ವಿಷಯಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ. ಆದರೆ ರಾತ್ರಿ ಅವರು ಬರುವವರೆಗೆ ಅಮ್ಮ ಎದ್ದಿರುತ್ತಾರೆ.

ರವಿಯ ಎಕ್ಸ್‌ರೇ ಸರಿಯಾಗಿದೆ. ಕಳೆದ ಭೇಟಿಯಲ್ಲಿ ನಾನು ಗಮನಿಸಿದ್ದು ಅಮ್ಮನ ಕೆಮ್ಮು. ಗಣಿಗೆ ಒಂದು ದಿನವೂ ಇಳಿಯದ ಅವರು 40 ವರ್ಷ ಆ ಗಾಳಿಯನ್ನೇ ಉಸಿರಾಡಿದ್ದಾರೆ. ಮುಂದಿನ ವಾರ ಅವರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗುವಂತೆ ರವಿಗೆ ಹೇಳಿದ್ದೇನೆ.