ಯಾರು ತೀರ್ಮಾನಿಸಿದರು ಎಂದು ಬರೆಯಿರಿ

ಸಿಂಧನೂರಿನ ಯುವ ಲೇಖಕರಿಗೆ,

ಅಧ್ಯಕ್ಷೀಯ ಪದ್ಧತಿಯಲ್ಲಿ ಅಧಿಕಾರ ಹಂಚಿಕೆ ಕುರಿತ ನಿಮ್ಮ ಲೇಖನ ತಲುಪಿತು. ಚೆನ್ನಾಗಿ ಓದಿಕೊಂಡಿದ್ದೀರಿ, ಭಾಷೆ ಶುದ್ಧವಾಗಿದೆ. ಆದರೆ ಎರಡನೇ ಪುಟದ ಮೂರು ಸಾಲು ನನ್ನನ್ನು ಬಹಳ ಕಾಡಿದವು. ಅವುಗಳ ಬಗ್ಗೆಯಷ್ಟೇ ಬರೆಯುತ್ತೇನೆ.

‘ಅಮೆರಿಕದಲ್ಲಿ ಸಂಪುಟ ಸಭೆ ಸೇರಿ ತೀರ್ಮಾನ ಕೈಗೊಳ್ಳಲಾಗುತ್ತದೆ.’ ಯಾರು ಕೈಗೊಳ್ಳುತ್ತಾರೆ? ನೀವು ಬರೆದದ್ದು ದೆಹಲಿಯ ಕಥೆ. ನಮ್ಮ 74ನೇ ವಿಧಿಯಂತೆ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ತಿರುಗಿ ಬಂದರೆ ಅದರಂತೆಯೇ ನಡೆಯಬೇಕು. ಅಮೆರಿಕದ ಸಂವಿಧಾನ ಕಾರ್ಯಾಂಗದ ಅಧಿಕಾರವನ್ನು ಅಧ್ಯಕ್ಷರೊಬ್ಬರ ಕೈಗೇ ಕೊಟ್ಟಿದೆ. ಇಲಾಖೆಯ ಮುಖ್ಯಸ್ಥರಿಂದ ಅವರು ಲಿಖಿತ ಅಭಿಪ್ರಾಯ ಕೇಳಬಹುದು. ಇಡೀ ಸಂಪುಟ ಬೇಡವೆಂದರೂ ಅವರು ಹೂಂ ಎಂದರೆ ಆಯಿತು.

ಮುಂದಿನ ಸಾಲು: ‘ಸಚಿವರನ್ನು ಸೆನೆಟ್ ಒಪ್ಪಿಗೆಯಿಂದ ನೇಮಿಸಲಾಗುತ್ತದೆ, ವಜಾ ಮಾಡಲಾಗುತ್ತದೆ.’ ನೇಮಕಕ್ಕೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕೆಂಬ ಮಾತು ಸರಿ. ವಜಾದ ವಿಷಯದಲ್ಲಿ ಒಬ್ಬ ಅಧ್ಯಕ್ಷರ ಕುರ್ಚಿಯೇ ಅಲುಗಾಡಿತ್ತು. ತೆಗೆಯುವುದಕ್ಕೂ ಸೆನೆಟ್ ಒಪ್ಪಬೇಕೆಂದು 1867ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಕಾನೂನು ಮಾಡಿತು. ಮರುವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಸೆನೆಟ್ ಒಪ್ಪಿಗೆಯಿಲ್ಲದೆ ಯುದ್ಧ ಖಾತೆಯ ಸಚಿವ ಸ್ಟ್ಯಾಂಟನ್‌ರನ್ನು ತೆಗೆದರು. ಅಧ್ಯಕ್ಷರನ್ನೇ ಹುದ್ದೆಯಿಂದ ಇಳಿಸುವ ವಿಚಾರಣೆ, ಅಂದರೆ ಮಹಾಭಿಯೋಗ, ನಡೆದು ಜಾನ್ಸನ್ ಒಂದೇ ಮತದ ಅಂತರದಲ್ಲಿ ಪಾರಾದರು. ಆ ಕಾನೂನು 1887ರಲ್ಲಿ ರದ್ದಾಯಿತು. ಈಗ ಸಚಿವರನ್ನು ತೆಗೆಯಲು ಅಧ್ಯಕ್ಷರ ಮಾತೇ ಸಾಕು. ಇಷ್ಟು ದೊಡ್ಡ ಜಗಳವನ್ನು ನಿಮ್ಮ ‘ಮಾಡಲಾಗುತ್ತದೆ’ ನುಂಗಿಬಿಟ್ಟಿದೆ!

ನಾನು ರಾಯಚೂರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ನಗರಸಭೆಯ ವರದಿ ನನ್ನ ಪಾಲಿಗಿತ್ತು. ‘ನಿರ್ಧರಿಸಲಾಯಿತು’ ಎಂದು ಕಂಡಲ್ಲೆಲ್ಲ ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ‘ಯಾರಪ್ಪಾ?’ ಎಂದು ಬರೆದು ಹಾಳೆ ವಾಪಸ್ ಕೊಡುತ್ತಿದ್ದರು. ಆ ಬಿಸಿಲಲ್ಲಿ ಮತ್ತೆ ಸೈಕಲ್ ತುಳಿದು ಹೋಗಿ, ಠರಾವು ಪುಸ್ತಕ ತೆಗೆಸಿ, ಸೂಚಕರು ಯಾರು, ಅನುಮೋದಕರು ಯಾರು, ಅಂಚಿನಲ್ಲಿ ಅಧಿಕಾರಿ ಬರೆದ ಷರಾ ಏನು ಎಂದು ನೋಡಿಕೊಂಡು ಬರಬೇಕಿತ್ತು. ಎಷ್ಟೋ ಸಲ ಸಭೆಯ ಗದ್ದಲಕ್ಕಿಂತ ಆ ಷರಾದಲ್ಲೇ ಸುದ್ದಿ ಇರುತ್ತಿತ್ತು.

ಇನ್ನು ಮೂರನೇ ಸಾಲು: ‘ಬ್ರೆಜಿಲ್‌ನಲ್ಲೂ ಇದೇ ವ್ಯವಸ್ಥೆ.’ ಅಲ್ಲ. ಅಲ್ಲಿಯೂ ಸಚಿವರನ್ನು ಅಧ್ಯಕ್ಷರು ಬೇಕೆಂದಾಗ ತೆಗೆಯಬಹುದು, ನಿಜ. ಆದರೆ ಸಂಸತ್ತಿನಲ್ಲಿ ಅವರ ಸ್ವಂತ ಪಕ್ಷಕ್ಕೆ ಸಾಮಾನ್ಯವಾಗಿ ಬಹುಮತ ಇರುವುದಿಲ್ಲ. ಮಸೂದೆ ಪಾಸಾಗಬೇಕಾದರೆ ಬೇರೆ ಪಕ್ಷಗಳಿಗೆ ಖಾತೆ ಹಂಚಬೇಕು. ಖಾತೆ ಕಿತ್ತುಕೊಂಡರೆ ಮತಗಳೂ ಹೋಗುತ್ತವೆ. ನೀವು ಹುಡುಕಿ ಹೊರಟ ಹಂಚಿಕೆ ಇಲ್ಲಿದೆ, ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ. ಅದನ್ನು ಒಂದು ಪುಟಕ್ಕೆ ಬೆಳೆಸಿ, ಪ್ರತಿ ವಾಕ್ಯದಲ್ಲೂ ಯಾರು ಮಾಡಿದರೆಂದು ಬರೆದು ಕಳಿಸಿ. ಖಂಡಿತ ಪ್ರಕಟಿಸುತ್ತೇನೆ.