ಉತಾರದಲ್ಲಿ ಎರಡೂವರೆ ಎಕರೆ

ಗಣಿತ ಕಲಿಸುತ್ತಿದ್ದ ನಾನು ಶಿಕ್ಷಕರಿಗೆ ತರಬೇತಿ ಕೊಡುವವಳಾದದ್ದು ಹೇಗೆಂದು ತಾವು ಕೇಳಿದ್ದೀರಿ. ಉತ್ತರಕ್ಕೆ ಮೊದಲು ನಮ್ಮ ಸೀಮೆಯ ಪರಿಚಯ ಬೇಕು. 1956ರವರೆಗೆ ತುಂಗಭದ್ರೆಯ ಆಚೆಯ ಹರಿಹರ ಮೈಸೂರಿಗೆ, ಈಚೆಯ ನಮ್ಮ ರಾಣೇಬೆನ್ನೂರು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದ್ದರಿಂದಲೇ ಆಚೆಯವರ ಪಹಣಿ ನಮಗೆ ಇಂದಿಗೂ ‘ಉತಾರ’.

ಆ ಉತಾರವೇ ನನ್ನ ದಾರಿಯನ್ನು ಬದಲಿಸಿತು. ಡಿ.ಎಡ್. ಮುಗಿಸಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದಶಮಾಂಶ ಕಲಿಸುತ್ತಿದ್ದಾಗ, 2.5 ಎಕರೆಗೆ ಎಷ್ಟು ಗುಂಟೆ ಎಂಬ ಲೆಕ್ಕಕ್ಕೆ ಆರನೆಯ ತರಗತಿಯ ಹುಡುಗನೊಬ್ಬ 85 ಎಂದು ಬರೆದ. ಎಕರೆಗೆ 40 ಗುಂಟೆಯಂತೆ ಉತ್ತರ 100 ಆಗಬೇಕಿತ್ತು. ನಾನು ತಪ್ಪೆಂದು ಗೀಟು ಹಾಕಿದೆ. ಮರುದಿನ ಅವನು ತಂದೆಯ ಉತಾರವನ್ನೇ ತಂದು ತೋರಿಸಿದ: ಎರಡೂವರೆ ಎಕರೆ ಹೊಲ, ಅದರಲ್ಲಿ ಬರೆದದ್ದು 2.20. ಅಲ್ಲಿ ಚುಕ್ಕೆಯ ಮುಂದಿನ ಅಂಕಿ ಗುಂಟೆ. ಹಾಗಿದ್ದರೆ 2.5 ಎಂದರೆ ಎರಡು ಎಕರೆ ಐದು ಗುಂಟೆಯಲ್ಲದೆ ಇನ್ನೇನು? ಅವನ ತರ್ಕ ಸರಿಯಾಗಿತ್ತು. ಅದನ್ನು ಕೇಳದೆ ಗೀಟು ಹಾಕಿದ್ದು ನನ್ನ ತಪ್ಪು.

ಮುಂದೆ ಬಿ.ಎಸ್ಸಿ., ಬಿ.ಎಡ್. ಆಯಿತು. ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ಶಾಲೆಯಿಂದ ಶಾಲೆಗೆ ತಿರುಗಿದಾಗ ಇಂಥ ತಪ್ಪುಗಳನ್ನು ವಹಿಯೊಂದರಲ್ಲಿ ಬರೆದಿಟ್ಟುಕೊಂಡೆ. ಎಂ.ಎಡ್. ಮುಗಿಸಿ ಧಾರವಾಡದಲ್ಲಿ ಶಿಕ್ಷಕರ ತರಬೇತಿಯ ಕೆಲಸಕ್ಕೆ ಬಂದಾಗ ಆ ವಹಿಯೇ ನನ್ನ ಪಠ್ಯವಾಯಿತು. ಮರಾಠಿಯ ಪ್ರಾಬಲ್ಯವಿದ್ದ 1860ರ ದಶಕದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಮಾಸ್ತರರನ್ನು ಸಿದ್ಧಗೊಳಿಸಿದ ಊರಿದು ಎಂಬ ಅರಿವು ಆಗಲೂ ಇತ್ತು, ಈಗಲೂ ಇದೆ.

ಮಕ್ಕಳಿಗೆ ಕಲಿಸಿದಂತೆ ಶಿಕ್ಷಕರಿಗೆ ಕಲಿಸಲಾಗದು ಎಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಮೊದಮೊದಲು ನಾನೇ ದಿನವಿಡೀ ಮಾತನಾಡುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಈಗ 85 ಎಂಬ ಉತ್ತರವನ್ನು ಹಲಗೆಯ ಮೇಲೆ ಬರೆದು, ಮಗು ಯಾವ ನಿಯಮ ಅನುಸರಿಸಿರಬಹುದೆಂದು ಕೇಳಿ ಸುಮ್ಮನಿರುತ್ತೇನೆ. ಹುಡುಗನಿಗೆ ಲಕ್ಷ್ಯವಿಲ್ಲ ಎಂದು ಕೆಲವರು ಹೇಳುತ್ತಾರೆ. ಹೊಲವಿರುವ ಮನೆಯಿಂದ ಬಂದವರು ಬೇಗ ಹಿಡಿಯುತ್ತಾರೆ. ಬಳಿಕ ಎಲ್ಲರೂ ಅಂಗಳಕ್ಕಿಳಿದು, 33 ಅಡಿ ಉದ್ದ 33 ಅಡಿ ಅಗಲಕ್ಕೆ ಹಗ್ಗ ಹಿಡಿದು ಒಂದು ಗುಂಟೆಯನ್ನು ಗುರುತಿಸಿ, ಅದರಲ್ಲಿ ನಿಂತು, ಎಕರೆಯ ಹತ್ತನೆಯ ಒಂದು ಭಾಗಕ್ಕೆ ಇಂಥವು ನಾಲ್ಕು ಬೇಕೆಂದು ಲೆಕ್ಕ ಮಾಡುತ್ತಾರೆ.

ಬ್ಯಾಡಗಿಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಹಿಂತಿರುಗಿದ ವಾರದಲ್ಲೇ ಫೋನ್ ಮಾಡಿದರು. ಅವರ ತರಗತಿಯಲ್ಲಿ ಮೂವರು ಮಕ್ಕಳು 3.5 ಕ್ವಿಂಟಾಲ್ ಮೆಣಸಿನಕಾಯಿಯನ್ನು ಮೂರು ಕ್ವಿಂಟಾಲ್ ಐದು ಕಿಲೋ ಎಂದು ಬರೆದಿದ್ದರಂತೆ, ಅವರು ಗೀಟು ಹಾಕದೆ ಮೂವರನ್ನೂ ಕೂರಿಸಿಕೊಂಡು ಹೀಗೇಕೆ ಬರೆದಿರೆಂದು ಕೇಳಿದರಂತೆ.