ಚೆಂಗ್ಡುವಿನಿಂದ ಲಿಟಾಂಗ್‌ಗೆ ಒಂದೇ ದಿನದಲ್ಲಿ ಬೇಡ

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಿಂದ ಅದೇ ಪ್ರಾಂತ್ಯದ ಬೆಟ್ಟದ ಊರು ಲಿಟಾಂಗ್‌ಗೆ ಕಾರಿನಲ್ಲಿ ಒಂದೇ ದಿನಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಚೆಂಗ್ಡು ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ, ಲಿಟಾಂಗ್ 4,000 ಮೀಟರ್ ಎತ್ತರದಲ್ಲಿ. ಅಷ್ಟು ಬೇಗ ಏರಿದರೆ ತಲೆನೋವು, ವಾಂತಿ ಶುರುವಾಗಬಹುದು. ಆಮೇಲೆ ಎಷ್ಟು ಚೆಂದದ ಬೆಟ್ಟ ಕಂಡರೂ ಏನು ಪ್ರಯೋಜನ, ಅಲ್ವಾ?

ಮೊದಲ ರಾತ್ರಿ ಕಾಂಗ್‌ಡಿಂಗ್‌ನಲ್ಲಿ ಉಳಿಯಿರಿ, ಅದು ಸುಮಾರು 2,500 ಮೀಟರ್. ದಾರಿಯಲ್ಲಿ ಲುಡಿಂಗ್‌ನಲ್ಲಿ ಇಳಿದು, 1706ರ ಸರಪಳಿ ಸೇತುವೆ ಮೇಲೆ ಖಂಡಿತ ನಡೆಯಿರಿ. 13 ಕಬ್ಬಿಣದ ಸರಪಳಿ, ಮೇಲೆ ಹಲಗೆ, ಕೆಳಗೆ ದಾದು ನದಿಯ ಅಬ್ಬರ. ಮರುದಿನ ಝೆಡುವೊ ಘಾಟಿ, 4,298 ಮೀಟರ್. ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ಎರಡನೇ ರಾತ್ರಿ ಶಿನ್‌ದುಚಾವ್ ಊರಿನಲ್ಲಿ, ಮೂರನೇ ದಿನ ಲಿಟಾಂಗ್.

ಇನ್ನೊಂದು ವಿಷಯ, ನಮ್ಮ ಇಂಟರ್‌ನ್ಯಾಷನಲ್ ಲೈಸೆನ್ಸ್ ಚೀನಾದಲ್ಲಿ ನಡೆಯುವುದಿಲ್ಲ. ಡ್ರೈವರ್ ಸಮೇತ ಗಾಡಿ ಗೊತ್ತು ಮಾಡಿಕೊಳ್ಳಿ.